ಎರಡಕ್ಷರದ ಹೆಸರು ಹಳೆ ಪತ್ರಿಕೆಯಲ್ಲಿ ಸಿಗದಿದ್ದಾಗ: ದೋಷ ಎಲ್ಲಿದೆ ಎಂದು ಹಿಡಿಯುವ ಬಗೆ

ನಮ್ಮ ಮುತ್ಯಾನ ತಂಗಿ, ಮನೆಯಲ್ಲಿ ಎಲ್ಲರಿಗೂ ಸಣ್ಣಾಯಿ, ಒಂದು ಕಾಲಕ್ಕೆ ಪತ್ರಿಕೆಗಳಿಗೆ ಬರೆಯುತ್ತಿದ್ದರು. ಇದು ನನಗೆ ಗೊತ್ತಾಗಿದ್ದು ಕಳೆದ ವರ್ಷ, ಕಲಬುರಗಿಯ ಹಳೆ ಮನೆಯ ಟ್ರಂಕು ಖಾಲಿ ಮಾಡುವಾಗ. ಮನಿಯಾರ್ಡರಿನ ಹರಿದ ತುಂಡೊಂದು ಸಿಕ್ಕಿತು. 5 ರೂಪಾಯಿ. ಹುಬ್ಬಳ್ಳಿಯ ಅಂಚೆ ಮುದ್ರೆ, 1958. ‘ಲೇಖನದ ಸಂಭಾವನೆ’ ಎಂದು ಬರೆದು ಪಕ್ಕದಲ್ಲಿ ಎರಡಕ್ಷರದ ಒಂದು ಹೆಸರು. ಪತ್ರಿಕೆಯ ಹೆಸರಿದ್ದ ಜಾಗವನ್ನು ಮಾತ್ರ ಇಲಿ ತಿಂದಿತ್ತು.

ಹಳೆ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಟ್ಟ ಜಾಲತಾಣದ ಸಂಗ್ರಹಗಳಲ್ಲಿ ಹೆಸರು ಹಾಕಿ ಹುಡುಕಿದರೆ ಮುಗೀತು ಅಂದುಕೊಂಡೆ. ಏಳು ತಿಂಗಳು ಹಿಡಿಯಿತು. ಅದರಲ್ಲಿ ಐದು ತಿಂಗಳು ತಪ್ಪು ಜಾಗದಲ್ಲಿ ಅಗೆದಿದ್ದೇ ಆಯ್ತು. ಆ ಐದು ತಿಂಗಳು ನಿಮಗೆ ಉಳಿಯಲಿ ಅಂತ ಇದನ್ನು ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಾನು ಇಟ್ಟುಕೊಂಡಿದ್ದ ಹೆಸರು ಬರೆಯಬೇಡ ಅಂತ ಸಣ್ಣಾಯಿ ಹೇಳಿದ್ದಾರೆ. ಹಾಗಾಗಿ ಅದೇ ಅಳತೆಯ ‘ರಮಾ’ ಎಂಬ ಹೆಸರನ್ನು ಇಟ್ಟುಕೊಳ್ಳೋಣ. ಕೆಳಗಿನ ಉದಾಹರಣೆಗಳನ್ನೂ ಈ ಹೆಸರಿಗೇ ಹೊಂದಿಸಿದ್ದೇನೆ. ರೋಗ ಒಂದೇ, ರೋಗಿ ಬೇರೆ.

ಮೊದಲು ಯಾವ ಕಾಯಿಲೆ ಎಂದು ನೋಡಿ

ಹುಡುಕಾಟ ಕೆಡುವುದು ಎರಡು ಬಗೆಯಲ್ಲಿ. ಒಂದೋ ಏನೂ ಬರುವುದಿಲ್ಲ, ಸೊನ್ನೆ. ಇಲ್ಲವೇ ಸಾವಿರಗಟ್ಟಲೆ ಬಂದು ಬೀಳುತ್ತವೆ. ಎರಡನ್ನೂ ನಾವು ‘ಸಿಗಲಿಲ್ಲ’ ಅಂತಲೇ ಹೇಳುತ್ತೇವೆ. ಆದರೆ ಎರಡಕ್ಕೂ ಔಷಧ ಬೇರೆ ಬೇರೆ. ಸೊನ್ನೆ ಬಂದರೆ ದೋಷ ಸಾಮಾನ್ಯವಾಗಿ ಪುಟದಲ್ಲಿ, ಪುಟದ ಹಿಂದಿನ ಪಠ್ಯದಲ್ಲಿ, ಇಲ್ಲವೇ ಹುಡುಕುವ ಯಂತ್ರದಲ್ಲಿ. ಸಾವಿರ ಬಂದರೆ ದೋಷ ಹೆಸರಿನಲ್ಲೇ ಇದೆ. ಚಿಕ್ಕ ಹೆಸರು ಬೇರೆ ಪದಗಳ ಹೊಟ್ಟೆಯೊಳಗೂ ಕೂತಿರುತ್ತದೆ.

ನಾನು ಮಾಡಿದ ದೊಡ್ಡ ತಪ್ಪು ಇದು: ಸೊನ್ನೆ ಬಂದ ಕೂಡಲೇ ‘ಈ ಪತ್ರಿಕೆಯಲ್ಲಿ ಬರೆದಿಲ್ಲ’ ಎಂದು ಪಟ್ಟಿಯಿಂದ ಹೊಡೆದು ಹಾಕುತ್ತಾ ಹೋದೆ. ಕೊನೆಗೆ ಲೇಖನ ಸಿಕ್ಕಿದ್ದು ಹಾಗೆ ಮೊದಲ ವಾರವೇ ಹೊಡೆದು ಹಾಕಿದ್ದ ಪತ್ರಿಕೆಯಲ್ಲಿ.

ಸೊನ್ನೆ ಬಂದರೆ: ಕಣ್ಣಿಗೆ ಕಾಣುವ ಪದ ಹುಡುಕಿ

ಹೆಸರನ್ನು ಪಕ್ಕಕ್ಕಿಡಿ. ಸಂಗ್ರಹದ ಯಾವುದಾದರೂ ಒಂದು ಪುಟ ತೆರೆಯಿರಿ. ಕಣ್ಣಿಗೆ ಚೆನ್ನಾಗಿ ಕಾಣುವ ಒಂದು ದೊಡ್ಡ ಪದ ಆರಿಸಿಕೊಳ್ಳಿ, ‘ಪಂಚಾಯತಿ’ ಅಂತಲೋ ‘ಮುಖ್ಯಮಂತ್ರಿ’ ಅಂತಲೋ. ಈಗ ಅದನ್ನು ಹುಡುಕಿ. ಇದೇ ಪುಟ ಬಂತೇ?

ಬರಲಿಲ್ಲವೆಂದರೆ ದೋಷ ನಿಮ್ಮ ಹೆಸರಿನದಲ್ಲ. ಆ ಪುಟಕ್ಕೆ ಹುಡುಕಲು ಬರುವ ಪಠ್ಯವೇ ಇಲ್ಲ. ಇದ್ದರೂ ಕೆಟ್ಟಿದೆ. ಬಂತು ಅಂದರೆ ಮುಂದಿನ ಪರೀಕ್ಷೆ: ಅದೇ ಪುಟದಲ್ಲಿ ಕಾಣುವ ಒಂದು ಪುಟ್ಟ ಪದ ಹುಡುಕಿ. ‘ಮನೆ’, ‘ಹಣ’, ‘ಕವಿ’, ಹೀಗೆ.

ದೊಡ್ಡ ಪದ ಸಿಕ್ಕು ಪುಟ್ಟ ಪದ ಸಿಗದಿದ್ದರೆ ಹುಡುಕುವ ಯಂತ್ರವೇ ಚಿಕ್ಕ ಪದಗಳನ್ನು ನುಂಗುತ್ತಿದೆ ಎಂದರ್ಥ. ಇದು ನನಗೆ ಗೊತ್ತೇ ಇರಲಿಲ್ಲ. ಬಹಳ ಜಾಲತಾಣಗಳ ಹಿಂದೆ ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯ (ಡೇಟಾಬೇಸ್) ಇರುತ್ತದೆ. ಅದರ ಹಳೆಯ ಬಗೆಯ ಹುಡುಕಾಟದಲ್ಲಿ, ಯಾರೂ ಬದಲಾಯಿಸದಿದ್ದರೆ, 4ಕ್ಕಿಂತ ಕಡಿಮೆ ಅಕ್ಷರಗಳ ಪದ ಸೂಚಿಗೇ ಸೇರುವುದಿಲ್ಲ. ಹೊಸ ಬಗೆಯಲ್ಲಿ ಆ ಮಿತಿ 3. ಇಲ್ಲಿ ಅಕ್ಷರ ಅಂದರೆ ನಮ್ಮ ಲೆಕ್ಕದ ಅಕ್ಷರ ಅಲ್ಲ, ಯುನಿಕೋಡ್ ಲೆಕ್ಕದ್ದು, ಅಂದರೆ ಲಿಪಿಯ ಒಂದೊಂದು ಚಿಹ್ನೆಗೂ ಕಂಪ್ಯೂಟರು ಒಂದೊಂದು ಸಂಖ್ಯೆ ಕೊಡುವ ಪದ್ಧತಿಯದು. ‘ರಮಾ’ ನಮಗೆ ಎರಡಕ್ಷರ. ಕಂಪ್ಯೂಟರಿಗೆ ಮೂರು: ರ, ಮ, ಮತ್ತು ದೀರ್ಘದ ಚಿಹ್ನೆ. ಹಾಗಾಗಿ ಹಳೆಯ ಬಗೆಯಲ್ಲಿ ‘ರಮಾ’ ಒಳಗೆ ಕಾಲಿಡುವುದಿಲ್ಲ. ತಮಾಷೆ ಏನೆಂದರೆ ‘ಶ್ರೀ’ ನಮಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ನಾಲ್ಕು. ಅದು ಆರಾಮಾಗಿ ಒಳಗೆ ಹೋಗುತ್ತದೆ.

ಇದಕ್ಕೆ ಪರಿಹಾರ ಸರಳ. ಆ ತಾಣದ ಹುಡುಕುವ ಪೆಟ್ಟಿಗೆಯನ್ನು ನಂಬಬೇಡಿ. ಸಂಚಿಕೆಯ ಪಿಡಿಎಫ್ ಇಳಿಸಿಕೊಂಡು ನಿಮ್ಮ ಕಂಪ್ಯೂಟರಿನಲ್ಲೇ ಹುಡುಕಿ. ಇಲ್ಲವೇ ಹೆಸರನ್ನು ಉದ್ದ ಮಾಡಿ ನೋಡಿ: ‘ರಮಾಬಾಯಿ’, ‘ರಮಾದೇವಿ’, ‘ಕುಮಾರಿ ರಮಾ’.

ಪಠ್ಯ ಕೆಟ್ಟಿದೆಯೇ? ‘ವುತ್ತು’ ಪರೀಕ್ಷೆ

ಪಿಡಿಎಫ್‌ನಲ್ಲಿ ಒಂದು ಸಾಲು ಕಾಪಿ ಮಾಡಿ ಖಾಲಿ ಪುಟಕ್ಕೆ ಪೇಸ್ಟ್ ಮಾಡಿ. ಮೂರರಲ್ಲಿ ಒಂದು ಆಗುತ್ತದೆ.

ಏನೂ ಬರದಿದ್ದರೆ ಅದು ಬರೀ ಚಿತ್ರ. ಓಸಿಆರ್ ಆಗಿಲ್ಲ, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರ ಓದಿ ಪಠ್ಯ ಮಾಡಿಲ್ಲ. ಗೂಗಲ್ ಡ್ರೈವ್‌ಗೆ ಪುಟದ ಚಿತ್ರ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಅದೇ ಕನ್ನಡವನ್ನು ಓದಿ ಕೊಡುತ್ತದೆ. ಪುಟಗಳು ಜಾಸ್ತಿ ಇದ್ದರೆ ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶ ಇದೆ, ಅದಕ್ಕೂ ಕನ್ನಡ ಬರುತ್ತದೆ.

ತಲೆಯ ಮೇಲೆ ಟೊಪ್ಪಿ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಬಂದರೆ ಅದು ಯುನಿಕೋಡ್‌ಗೆ ಮುಂಚಿನ ಕಾಲದ ಫಾಂಟು. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕೂರಿಸಿದ 1990, 2000ರ ದಶಕದ ಪುಟಗಳು ಹೀಗೇ ಇರುತ್ತವೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಂಡ ಮೇಲೆ ಹುಡುಕಬೇಕು.

ಕನ್ನಡವೇ ಬಂತು ಅನ್ನಿ. ಆಗ ನಾವು ಖುಷಿಯಾಗಿ ಬಿಡುತ್ತೇವೆ. ನಾನು ಎಡವಿದ್ದೂ ಇಲ್ಲೇ. ಹಳೆಯ ಅಚ್ಚುಮೊಳೆಯ ‘ಮ’ ಅಕ್ಷರವನ್ನು ಯಂತ್ರ ಬಹಳ ಸಲ ‘ವು’ ಎಂದು ಓದುತ್ತದೆ. ಎರಡರ ಆಕಾರ ನೋಡಿ, ಯಾಕೆ ಅಂತ ಗೊತ್ತಾಗುತ್ತದೆ: ‘ವ’ಕ್ಕೆ ಒಂದು ಬಾಲ ಕೊಟ್ಟರೆ ‘ಮ’. ಶಾಯಿ ಕದಡಿದ್ದರೆ ಯಂತ್ರಕ್ಕೆ ಅದು ಕೊಂಬಿನ ಹಾಗೆ ಕಾಣುತ್ತದೆ. ಇದನ್ನು ಹಿಡಿಯಲು ಒಂದು ಉಪಾಯ ಇದೆ. ‘ಮತ್ತು’ ಎಂಬ ಪದ ಇಲ್ಲದ ಪುಟ ಕಡಿಮೆ. ಸಂಗ್ರಹದಲ್ಲಿ ‘ಮತ್ತು’ ಎಷ್ಟು ಸಲ ಬಂದಿದೆ ನೋಡಿ. ಆಮೇಲೆ ‘ವುತ್ತು’ ಎಂಬ ಪದ ಹುಡುಕಿ. ಕನ್ನಡದಲ್ಲಿ ಅಂಥ ಪದವೇ ಇಲ್ಲ, ಅಲ್ವಾ? ಆದರೂ ರಾಶಿ ರಾಶಿ ಬಂದರೆ ಆ ಸಂಗ್ರಹದಲ್ಲಿ ‘ಮ’ ಮುರಿದಿದೆ ಎಂದು ತಿಳಿಯಿರಿ.

ನಾನು ಹಾಗೆ ಮಾಡಿದಾಗ ‘ಮತ್ತು’ಗಿಂತ ‘ವುತ್ತು’ವೇ ಜಾಸ್ತಿ ಇತ್ತು. ಅಂದರೆ ‘ರಮಾ’ ಎಂಬ ಹೆಸರು ಆ ಸಂಗ್ರಹದಲ್ಲಿ ‘ರವಾು’, ‘ರವಾ’, ‘ರವೂ’, ಏನು ಬೇಕಾದರೂ ಆಗಿರಬಹುದು. ಹುಡುಕಬೇಕಾದದ್ದು ಸರಿಯಾದ ಹೆಸರನ್ನಲ್ಲ, ಯಂತ್ರ ತಪ್ಪಾಗಿ ಓದಿದ ಹೆಸರನ್ನು.

ನಿಮ್ಮ ಹೆಸರಿನ ಅಕ್ಷರಗಳಿಗೂ ಇಂಥ ಜೋಡಿ ಇದ್ದೇ ಇರುತ್ತದೆ. ‘ಬ’ ಮತ್ತು ‘ಭ’, ‘ದ’ ಮತ್ತು ‘ಧ’, ‘ಪ’ ಮತ್ತು ‘ಷ’, ‘ರ’ ಮತ್ತು ‘ಠ’, ‘ಘ’ ಮತ್ತು ‘ಫ’. ಇನ್ನೊಂದು ಕಳ್ಳ: ಕನ್ನಡದ ಸೊನ್ನೆ ಅಂಕಿ ಮತ್ತು ಅನುಸ್ವಾರ. ಎರಡೂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ದೀರ್ಘದ ಚಿಹ್ನೆ ಹಳೆಯ ಅಚ್ಚಿನಲ್ಲಿ ಮೂಡದೇ ಇರುವುದೂ ಉಂಟು, ಆಗ ‘ಸೀತಾ’ ‘ಸಿತಾ’ ಆಗುತ್ತಾಳೆ. ಅಂಕಿಗಳ ವಿಷಯವೂ ಹಾಗೇ. ಆ ಕಾಲದ ಎಷ್ಟೋ ಪತ್ರಿಕೆಗಳು ‘೧೯೫೮’ ಎಂದು ಕನ್ನಡ ಅಂಕಿಯಲ್ಲೇ ಅಚ್ಚು ಹಾಕುತ್ತಿದ್ದವು. ನೀವು 1958 ಎಂದು ಹುಡುಕಿದರೆ ಸೊನ್ನೆಯೇ ಗತಿ.

ಹೆಸರು ಉದ್ದ ಇದ್ದಿದ್ದರೆ ಇದೆಲ್ಲ ಇಷ್ಟು ಕಾಡುತ್ತಿರಲಿಲ್ಲ. ‘ಚನ್ನಬಸವಣ್ಣ’ದಲ್ಲಿ ಒಂದು ಅಕ್ಷರ ಕೆಟ್ಟರೂ ಉಳಿದ ಭಾಗದಿಂದ ಹಿಡಿಯಬಹುದು. ಎರಡಕ್ಷರದ ಹೆಸರಿನಲ್ಲಿ ಒಂದು ಹೋದರೆ ಅರ್ಧ ಹೆಸರೇ ಹೋಯಿತು. ‘ಒಂದು ಅಕ್ಷರ ಆಚೀಚೆ ಆದರೂ ಪರವಾಗಿಲ್ಲ’ ಎಂಬ ಸಡಿಲ ಹುಡುಕಾಟ ಇಲ್ಲಿ ಕೈ ಕೊಡುತ್ತದೆ. ‘ರಮಾ’ಗೆ ಒಂದಕ್ಷರ ಸಡಿಲ ಕೊಟ್ಟರೆ ಉಮಾ, ರಮೇಶನ ರಮೇ, ಬಾಂಬೆ ರವಾ ಎಲ್ಲರೂ ಒಳಗೆ ಬರುತ್ತಾರೆ.

ಸಾವಿರ ಬಂದರೆ: ಹೆಸರು ಯಾರ ಹೊಟ್ಟೆಯಲ್ಲಿದೆ?

ಇನ್ನೊಂದು ಸಂಗ್ರಹದಲ್ಲಿ ಇದಕ್ಕೆ ಉಲ್ಟಾ ಆಯಿತು. ‘ರಮಾ’ ಹಾಕಿದರೆ ಪುಟಕ್ಕೆ ಹತ್ತು ಕಡೆ ಹಳದಿ ಬಣ್ಣ. ಹತ್ತಿರ ಹೋಗಿ ನೋಡಿದರೆ ಪ್ರಮಾಣ, ಕ್ರಮಾಂಕ, ಪರಮಾತ್ಮ, ಪರಮಾಣು. ಎಲ್ಲದರಲ್ಲೂ ‘ರಮಾ’ ಇದೆ. ‘ಪ್ರಮಾಣ’ದಲ್ಲಿ ನಮಗೆ ಕಾಣುವುದು ‘ಪ್ರ’. ಕಂಪ್ಯೂಟರಿಗೆ ಅದು ಪ, ವಿರಾಮ (ಅರ್ಧಾಕ್ಷರದ ಚಿಹ್ನೆ), ರ. ಆ ‘ರ’ದಿಂದಲೇ ಅದು ‘ರಮಾ’ ಎಣಿಸಲು ಶುರು ಮಾಡುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಒಂದೇ ಪದ: ‘ಬರಮಾಡಿಕೊಂಡರು’. ಯಾವ ಮಂತ್ರಿ ಯಾವ ಊರಿಗೆ ಬಂದರೂ ಪತ್ರಿಕೆಯಲ್ಲಿ ಅವರನ್ನು ಬರಮಾಡಿಕೊಂಡೇ ಇರುತ್ತಾರೆ.

ನಿಮ್ಮ ಹೆಸರನ್ನೂ ಹೀಗೆ ಮೊದಲೇ ಒರೆಗೆ ಹಚ್ಚಿ. ‘ರಾಮ’ ಇದ್ದರೆ ಗ್ರಾಮ, ವಿರಾಮ, ಸಂಗ್ರಾಮ. ಪಂಚಾಯಿತಿ ಸುದ್ದಿಯಲ್ಲಿ ಗ್ರಾಮ ಬಿಟ್ಟು ಬೇರೇನಿರುತ್ತದೆ? ಕಾದಂಬರಿಗಾರ್ತಿ ಬಿ.ಎನ್. ಸುಬ್ಬಮ್ಮ ‘ವಾಣಿ’ ಎಂಬ ಹೆಸರಿನಲ್ಲಿ ಬರೆದರು. ಆ ಹೆಸರನ್ನು ಪ್ರಜಾವಾಣಿಯ ಸಂಗ್ರಹದಲ್ಲಿ ಹುಡುಕಿದರೆ ಪತ್ರಿಕೆಯ ಹೆಸರೇ ಪುಟಪುಟದಲ್ಲೂ ಎದುರಾಗುತ್ತದೆ. ಉದಯವಾಣಿಯಲ್ಲೂ ಅದೇ ಕಥೆ. ಬಿ.ಎಂ. ಶ್ರೀಕಂಠಯ್ಯನವರ ‘ಶ್ರೀ’ ಎಂಬ ಹೆಸರನ್ನಂತೂ ಕೇಳಲೇಬೇಡಿ. ಊರಿನ ಗಂಡಸರೆಲ್ಲರ ಹೆಸರಿನ ಮುಂದೆಯೂ ‘ಶ್ರೀ’ ಇದೆ.

ಸರಿ, ‘ಪೂರ್ತಿ ಪದ ಮಾತ್ರ’ ಎಂಬ ಆಯ್ಕೆ ಒತ್ತಿದರಾಯ್ತು ಅಂದುಕೊಂಡೆ. ಒತ್ತಿದೆ. ಸೊನ್ನೆ! ಇದಕ್ಕೂ ಕಾರಣ ಇದೆ. ಕೆಲವು ತಂತ್ರಾಂಶಗಳು ನಮ್ಮ ಸ್ವರಚಿಹ್ನೆಗಳನ್ನು ಅಕ್ಷರ ಎಂದೇ ಲೆಕ್ಕಿಸುವುದಿಲ್ಲ. ಕಾಗುಣಿತದ ದೀರ್ಘವನ್ನು ಅಲ್ಪವಿರಾಮದ ಹಾಗೆ ನೋಡುತ್ತವೆ. ಅವುಗಳ ಪ್ರಕಾರ ‘ರಮಾ’ ಎಂಬ ಪದ ‘ರಮ’ಕ್ಕೇ ಮುಗಿದುಹೋಯಿತು. ಹಾಗಾಗಿ ಸರಿಯಾದ ‘ರಮಾ’ ಎದುರಿಗೇ ನಿಂತಿದ್ದರೂ ‘ಪೂರ್ತಿ ಪದ ಇಲ್ಲ’ ಎನ್ನುತ್ತವೆ. ಇಂಗ್ಲಿಷ್‌ಗೆ ಹೊಲಿದ ಅಂಗಿ, ನಮಗೆ ತೋಳು ಬಿಗಿ.

ನನಗೆ ಕೆಲಸ ಕೊಟ್ಟಿದ್ದು ಮೊಂಡು ದಾರಿಯೇ. ಹೆಸರಿನ ಎರಡೂ ಕಡೆ ಖಾಲಿ ಜಾಗ ಬಿಟ್ಟು ಹುಡುಕುವುದು. ಆಮೇಲೆ ಮುಂದೆ ಒಂದು ಗೆರೆ ಸೇರಿಸಿ ‘-ರಮಾ’. ಆಮೇಲೆ ‘ಕು. ರಮಾ’, ‘ಕು|| ರಮಾ’, ‘ಸೌ. ರಮಾ’, ‘ಶ್ರೀಮತಿ ರಮಾ’. ಆಮೇಲೆ ವಿಭಕ್ತಿ ಹಚ್ಚಿ ‘ರಮಾಳ’, ‘ರಮಾರವರ’, ‘ರಮಾ ಅವರ’. ಒಂದೊಂದೇ ಮಾಡಿ, ಒಂದು ವಹಿಯಲ್ಲಿ ಗುರುತು ಹಾಕಿ. ವಹಿ ಇಲ್ಲದೆ ಮಾಡಿದರೆ ಒಂದೇ ಹುಡುಕಾಟವನ್ನು ನಾಲ್ಕು ಸಲ ಮಾಡುತ್ತೀರಿ. ನಾನು ಮಾಡಿದ್ದೇನೆ.

ಲೇಖಕರ ಹೆಸರು ಪುಟದ ಎಲ್ಲಿರುತ್ತದೆ ಎನ್ನುವುದೂ ಮುಖ್ಯ. ಆ ಕಾಲದ ಪತ್ರಿಕೆಗಳಲ್ಲಿ ಸಣ್ಣ ಬರಹಗಳಿಗೆ ಹೆಸರು ಮೇಲೆ ಬರುವುದು ಕಡಿಮೆ. ಬರಹ ಮುಗಿದ ಮೇಲೆ ಬಲಗಡೆ ಮೂಲೆಯಲ್ಲಿ ಒಂದು ಗೆರೆ, ಗೆರೆಯ ಮುಂದೆ ಸಣ್ಣ ಅಚ್ಚಿನಲ್ಲಿ ಹೆಸರು. ಮೂಲೆ ಅಂದರೆ ಮೊದಲು ಹಾಳಾಗುವ ಜಾಗ. ಬೈಂಡಿಂಗಿನ ಹೊಲಿಗೆ ಅಲ್ಲೇ ನುಂಗುತ್ತದೆ, ಸ್ಕ್ಯಾನ್ ಮಾಡುವವರ ಬೆರಳು ಅಲ್ಲೇ ಬರುತ್ತದೆ. ಜೊತೆಗೆ ಯಂತ್ರವು ಎರಡು ಕಾಲಮ್ಮುಗಳನ್ನು ಅಡ್ಡಲಾಗಿ ಒಂದೇ ಸಾಲೆಂದು ಓದಿಬಿಡುತ್ತದೆ. ನನಗೆ ಒಮ್ಮೆ ‘ರಮಾ ಸಿಮೆಂಟ್’ ಎಂದು ಸಿಕ್ಕಿತು. ಶಹಾಬಾದ್ ಕಡೆ ಅಂಥ ಸಿಮೆಂಟ್ ಇತ್ತೇನೋ ಅಂದುಕೊಂಡೆ. ಪುಟ ತೆರೆದರೆ ಎಡಕ್ಕೆ ಒಂದು ಹನಿಗವನದ ಕೊನೆ, ಬಲಕ್ಕೆ ಸಿಮೆಂಟಿನ ಜಾಹೀರಾತು.

ಹೆಸರು ಬಿಟ್ಟು ನೆರೆಹೊರೆ ಹುಡುಕಿ

ನಾಲ್ಕೈದು ತಿಂಗಳಾದ ಮೇಲೆ ಸಣ್ಣಾಯಿಯ ಮುಂದೆಯೇ ಹೋಗಿ ಕೂತೆ. ಅವರಿಗೆ ಈಗ ತೊಂಬತ್ತರ ಹತ್ತಿರ. ಏನು ಬರೆದಿದ್ದಿರಿ, ಒಂದಾದರೂ ನೆನಪಿದೆಯಾ ಎಂದು ಕೇಳಿದೆ.

“ಅಪ್ಪನ ಕೆರಿ ಮ್ಯಾಗ ಒಂದ್ ಬರದಿದ್ನೆಪ್ಪ” ಅಂದರು. “ಬ್ಯಾಸಗ್ಯಾಗ ನೀರು ಸರದಾಗ ಮೆಟ್ಟಲ ಕಾಣ್ತಿದ್ವಲ್ಲ, ಅದರದು.”

ಇದನ್ನು ಮೊದಲನೇ ದಿನವೇ ಕೇಳಬೇಕಿತ್ತು! ಅಪ್ಪನ ಕೆರೆ ಅಂದರೆ ಕಲಬುರಗಿಯ ಶರಣಬಸವೇಶ್ವರ ಕೆರೆ. ಚಿಕ್ಕ ಹೆಸರು ಹುಡುಕುವವರಿಗೆ ಇಂಥ ಮಾತು ಬಂಗಾರ. ಹೆಸರು ಎರಡಕ್ಷರ, ಯಂತ್ರ ಕೆಡಿಸಿರಬಹುದು. ಆದರೆ ಒಂದೂವರೆ ಪುಟದ ಬರಹದಲ್ಲಿ ‘ಕೆರೆ’ ಎಂಬ ಪದ ಇಪ್ಪತ್ತು ಸಲ ಬರುತ್ತದೆ. ಯಂತ್ರ ಹತ್ತು ಸಲ ತಪ್ಪಿದರೂ ಹತ್ತು ಉಳಿಯುತ್ತವೆ.

‘ಅಪ್ಪನ ಕೆರೆ’ ಎಂದು ಹಾಕಿದೆ. ಮೂರು ಪುಟ ಬಂದವು. ಒಂದು ನೀರಿನ ಸಮಸ್ಯೆಯ ಪತ್ರ, ಇನ್ನೊಂದು ಜಾತ್ರೆಯ ಸುದ್ದಿ. ಮೂರನೆಯದು ಒಂದೂವರೆ ಪುಟದ ಬರಹ. ಅದರ ಕೊನೆಯ ಮೂಲೆಯಲ್ಲಿ, ಕಣ್ಣಿಗೆ ಸ್ಪಷ್ಟವಾಗಿ, ಸಣ್ಣಾಯಿಯ ಹೆಸರು. ಕಾಪಿ ಮಾಡಿ ಪೇಸ್ಟ್ ಮಾಡಿದರೆ ಬಂದದ್ದು ಆ ‘ರವಾು’ ತರಹದ್ದೇ.

ಹಾಗಾಗಿ ಬರೆದವರ ಹತ್ತಿರದವರು ಯಾರಾದರೂ ಇದ್ದರೆ ಹೆಸರು, ವರ್ಷ ಕೇಳುವ ಮೊದಲು ‘ಏನರ ಬಗ್ಗೆ ಬರೆದಿದ್ದರು’ ಎಂದು ಕೇಳಿ. ಊರು, ಕೆರೆ, ಗುಡಿ, ಹಬ್ಬ, ತಿಂಡಿ ಏನಾದರೂ ಸರಿ. ಆ ಪದ ಉದ್ದ ಇರಬೇಕು, ಅಪರೂಪದ್ದಿರಬೇಕು. ಅಂಕಣದ ಹೆಸರು ಗೊತ್ತಿದ್ದರೆ ಇನ್ನೂ ಒಳ್ಳೆಯದು. ಅಂಕಣದ ಹೆಸರು ದೊಡ್ಡ ಅಚ್ಚಿನಲ್ಲಿರುತ್ತದೆ, ಯಂತ್ರ ಅದನ್ನು ಸರಿಯಾಗಿ ಓದುತ್ತದೆ.

ನಮ್ಮ ಕಡೆಯವರು ಊರಿನ ಹೆಸರಿನಲ್ಲೂ ಎಡವಬಹುದು. ಕಲಬುರಗಿ ಎಂಬ ಹೆಸರು ಸರಕಾರಿ ಕಾಗದಕ್ಕೆ ಬಂದದ್ದು 2014ರ ನವೆಂಬರ್ 1ಕ್ಕೆ. ಅದಕ್ಕೆ ಮುಂಚೆ ಗುಲಬರ್ಗಾ, ಗುಲ್ಬರ್ಗ, ಗುಲ್ಬರ್ಗಾ. ಜನರ ಬಾಯಲ್ಲಿ, ಕೆಲವು ಬರಹಗಳಲ್ಲಿ ಕಲಬುರ್ಗಿ ಮೊದಲಿನಿಂದಲೂ ಇತ್ತು. ಎಲ್ಲವನ್ನೂ ಹಾಕಿ ನೋಡಿ. ಯಾದಗಿರಿಗೂ ಯಾದಗೀರ್, ಯಾದಗಿರ ಎಂಬ ರೂಪಗಳಿವೆ. ‘ಕಲ್ಯಾಣ ಕರ್ನಾಟಕ’ ಎಂದು ಹಳೆಯ ಪತ್ರಿಕೆಯಲ್ಲಿ ಹುಡುಕಬೇಡಿ, ಆ ಹೆಸರು ಅಧಿಕೃತವಾಗಿದ್ದು 2019ರಲ್ಲಿ. ‘ಹೈದರಾಬಾದ್ ಕರ್ನಾಟಕ’ ಹಾಕಿ. 1956ಕ್ಕಿಂತ ಹಿಂದಿನದಾದರೆ ಬರೀ ‘ಹೈದರಾಬಾದ್ ಸಂಸ್ಥಾನ’, ‘ಹೈದರಾಬಾದ್ ರಾಜ್ಯ’.

ಪುಟವೇ ಇಲ್ಲದಿದ್ದರೆ

ಎಲ್ಲ ಪರೀಕ್ಷೆಯೂ ಸರಿ ಇದೆ, ಆದರೂ ಸಿಗುತ್ತಿಲ್ಲ. ಆಗ ಸಂಗ್ರಹದಲ್ಲಿ ಆ ಪುಟ ಇದೆಯೇ ಎಂದು ಎಣಿಸಬೇಕು. ಹೌದು, ಕೈಯಲ್ಲೇ ಎಣಿಸಬೇಕು. ವಾರಪತ್ರಿಕೆಯಾದರೆ ವರ್ಷಕ್ಕೆ 52 ಇರಬೇಕು. ನಾನು ನೋಡಿದ ಒಂದು ಸಂಪುಟದಲ್ಲಿ 41 ಇದ್ದವು.

ದಿನಪತ್ರಿಕೆಗಳಲ್ಲಿ ಹೆಚ್ಚಾಗಿ ಕಳೆದುಹೋಗುವುದು ಭಾನುವಾರದ ಪುರವಣಿ. ನಮ್ಮ ಸಣ್ಣಾಯಿಯಂಥವರು ಬರೆಯುತ್ತಿದ್ದುದೂ ಅಲ್ಲೇ. ಊರಿನ ಒಂದು ಹಳೆಯ ಗ್ರಂಥಾಲಯದಲ್ಲಿ ಸಂಪುಟ ತಿರುವಿ ಹಾಕುತ್ತಿದ್ದಾಗ ಅಲ್ಲಿನವರು ನಕ್ಕರು. “ಸರ, ಪುರವಣಿ ಬೈಂಡ್ ಮಾಡಂಗಿಲ್ರೀ. ಸಡ್ಲ ಇರ್ತಾವ, ಓದಾಕ ಒಯ್ದವ್ರು ಒಯ್ದೇ ಬಿಡ್ತಾರ.” ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥೆಯೂ ಹೀಗೇ. ಅವು ವಾರದ ಕ್ರಮಸಂಖ್ಯೆಗೆ ಸೇರದೆ ಬೇರೆ ಕಪಾಟಿನಲ್ಲಿ ಇರಬಹುದು. ಬೇರೆಯಾಗಿ ಕೇಳಿ.

ಊರಲ್ಲಿ ಇಲ್ಲದಿದ್ದರೆ ಬೇರೆ ಕಡೆ ಪ್ರತಿ ಇರುವ ಸಾಧ್ಯತೆ ಇದೆ. ಪುಸ್ತಕಗಳ ಪ್ರತಿ ಕಳಿಸಬೇಕೆಂಬ 1954ರ ಕಾನೂನಿಗೆ 1956ರಲ್ಲಿ ಪತ್ರಿಕೆಗಳನ್ನೂ ಸೇರಿಸಿದರು. ಅದರ ಪ್ರಕಾರ ಪ್ರತಿಗಳು ಹೋಗಬೇಕಾದದ್ದು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮಾರ ಗ್ರಂಥಾಲಯ, ಮುಂಬೈ ಮತ್ತು ದೆಹಲಿಗಳಿಗೆ. ನಿಜಾಮರ ಕಾಲದ್ದು ಬೇಕೆಂದರೆ ವಾಡಿ ದಾಟಿ ರೈಲಿನಲ್ಲಿ ಹೈದರಾಬಾದಿಗೆ ಹೋಗಿ. ಅಫ್ಜಲ್‌ಗಂಜ್‌ನಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದೆ. 1891ರಲ್ಲಿ ಶುರುವಾದದ್ದು, ಹಿಂದೆ ಅದಕ್ಕೆ ಆಸಫಿಯಾ ಎಂಬ ಹೆಸರು.

ಪುಟ ಇದ್ದೂ ತಪ್ಪು ವರ್ಷದಲ್ಲಿ ಕೂತಿರುವುದೂ ಉಂಟು. ಕನ್ನಡ ಮಾಸಿಕಗಳ ಮುಖಪುಟದಲ್ಲಿ ಬರೀ ಸಂವತ್ಸರದ ಹೆಸರಿದ್ದರೆ ಪಟ್ಟಿ ಮಾಡುವವರು ಎಡವುತ್ತಾರೆ. 1957-58 ಹೇವಿಳಂಬಿ, 1958-59 ವಿಳಂಬಿ. ಮೊದಲಿನ ‘ಹೇ’ ಹರಿದುಹೋಗಿದ್ದರೆ ಒಂದು ವರ್ಷವೇ ಆಚೀಚೆ ಆಯಿತು. ಯುಗಾದಿಯಿಂದ ಯುಗಾದಿಗೆ ಲೆಕ್ಕ ಎನ್ನುವುದನ್ನೂ ಮರೆಯಬೇಡಿ. ಜನವರಿ, ಫೆಬ್ರವರಿ ಸಂಚಿಕೆಗಳು ಹಿಂದಿನ ಸಂವತ್ಸರದಲ್ಲೇ ಇರುತ್ತವೆ.

ಉರ್ದು ಪುಟಗಳು

ಸಣ್ಣಾಯಿ ಓದಿದ್ದು ಉರ್ದುವಿನಲ್ಲಿ. ಆ ಕಾಲದ ಕಲಬುರಗಿ, ಬೀದರ್, ಯಾದಗಿರಿಯ ಹಿರಿಯರಲ್ಲಿ ಬಹಳ ಜನ ಹಾಗೇ. ಹನ್ನೊಂದನೇ ವಯಸ್ಸಿನಲ್ಲಿ ಒಂದು ಉರ್ದು ಪತ್ರಿಕೆಯ ಮಕ್ಕಳ ಪುಟಕ್ಕೆ ಕಥೆ ಕಳಿಸಿದ್ದೆ ಎಂದು ಅವರ ನೆನಪು. ಇಲ್ಲಿ ದೋಷಗಳು ದುಪ್ಪಟ್ಟು.

ಮೊದಲು ಕ್ಯಾಲೆಂಡರು. ಹೈದರಾಬಾದ್ ಸಂಸ್ಥಾನದಲ್ಲಿ ನಡೆಯುತ್ತಿದ್ದುದು ಫಸಲಿ ವರ್ಷ. ಅದು ಅಕ್ಟೋಬರ್ ಮೊದಲ ವಾರ ಆಜರ್ ತಿಂಗಳಿನಿಂದ ಶುರು. ಫಸಲಿಗೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಬರುತ್ತದೆ. ಆದರೆ ಜನವರಿಯಿಂದ ಆಚೆಗಿನ ತಿಂಗಳುಗಳಿಗೆ 591 ಕೂಡಿಸಬೇಕು. 1356 ಫಸಲಿಯ ತೀರ್ ತಿಂಗಳೆಂದರೆ 1947ರ ಮೇ ತಿಂಗಳ ಆಚೀಚೆ. ನಾನು ಎಲ್ಲಕ್ಕೂ 590 ಕೂಡಿಸಿ 1946ರ ಕಟ್ಟು ಕೇಳಿ ತರಿಸಿದೆ. ಒಂದು ಇಡೀ ದಿನ ಹಾಳು.

ಎರಡನೆಯದು ಲಿಪಿ. ಉರ್ದುವಿನಲ್ಲಿ ಹ್ರಸ್ವ ಸ್ವರ ಸಾಮಾನ್ಯವಾಗಿ ಬರೆಯುವುದಿಲ್ಲ. ‘ರಮಾ’ ಅಂದರೆ ರೇ, ಮೀಮ್, ಅಲಿಫ್ ಅಷ್ಟೆ. ಈ ಮೂರು ಅಕ್ಷರ ಇದೇ ಸಾಲಿನಲ್ಲಿ ಇನ್ನೆಲ್ಲಿ ಬರುತ್ತವೆ ಗೊತ್ತೇ? ಫರ್ಮಾನ್. ನಿಜಾಮರ ಕಾಲದ ಪತ್ರಿಕೆಯಲ್ಲಿ ಫರ್ಮಾನ್ ಇಲ್ಲದ ದಿನ ಇರುತ್ತದೆಯೇ? ದೊಡ್ಡವರು ಮಾತಾಡಿದರೆ ‘ಫರ್ಮಾಯಾ’, ಬೇಸಗೆ ‘ಗರ್ಮಾ’, ಚಳಿಗಾಲ ‘ಸರ್ಮಾ’, ಜೊತೆಗೆ ಊರಿನ ಶರ್ಮಾಗಳೆಲ್ಲ. ಕನ್ನಡದಲ್ಲಿ ಶರ್ಮಾ ಕಾಟ ಕೊಡುವುದಿಲ್ಲ, ರ ಮತ್ತು ಮ ನಡುವೆ ವಿರಾಮ ಅಡ್ಡ ನಿಲ್ಲುತ್ತದೆ. ಉರ್ದುವಿನಲ್ಲಿ ಅಡ್ಡ ನಿಲ್ಲಲು ಏನೂ ಇಲ್ಲ.

ಮೂರನೆಯದು ಕೈಬರಹ. 1981ರಲ್ಲಿ ನೂರಿ ನಸ್ತಲೀಕ್ ಫಾಂಟು ಬರುವ ತನಕ ಉರ್ದು ಪತ್ರಿಕೆಗಳನ್ನು ಹೆಚ್ಚಾಗಿ ಕಾತಿಬರು ಎಂಬ ಲಿಪಿಕಾರರು ಕೈಯಲ್ಲಿ ಬರೆದು, ಅದನ್ನೇ ಅಚ್ಚು ಮಾಡುತ್ತಿದ್ದರು. ಒಬ್ಬೊಬ್ಬ ಕಾತಿಬರದು ಒಂದೊಂದು ಕೈ. ಯಂತ್ರ ಇಲ್ಲಿ ಬಹಳ ತಿಣುಕುತ್ತದೆ. ಉರ್ದು ಕವಿಗಳನ್ನು ಹುಡುಕುವವರಿಗೆ ಕಾವ್ಯನಾಮದ ಕಾಟ ಬೇರೆ. ನಮ್ಮೂರಿನ ದಖನಿ ಹಾಸ್ಯಕವಿ ಸುಲೇಮಾನ್ ಖತೀಬ್ ಅವರನ್ನೇ ತೆಗೆದುಕೊಳ್ಳಿ. ಖತೀಬ್ ಅಂದರೆ ಮಸೀದಿಯಲ್ಲಿ ಪ್ರವಚನ ಮಾಡುವವರು ಎಂದೂ ಅರ್ಥ. ಶುಕ್ರವಾರದ ಸುದ್ದಿಗಳೆಲ್ಲ ಬಲೆಗೆ ಬೀಳುತ್ತವೆ.

ಉರ್ದುವಿಗೆ ನನ್ನ ಸಲಹೆ ಒಂದೇ. ಹುಡುಕುವ ಪೆಟ್ಟಿಗೆ ಮುಚ್ಚಿ. ಉರ್ದು ಓದುವ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಕ್ಕಳ ಪುಟಗಳನ್ನು ಮಾತ್ರ ಕಣ್ಣಲ್ಲೇ ತಿರುವಿ ಹಾಕಿ. ಯಂತ್ರಕ್ಕಿಂತ ಬೇಗ ಆಗುತ್ತದೆ.

ಸಿಕ್ಕ ಮೇಲೂ ಒಂದು ದೋಷ ಇದೆ

ಇದು ಕೊನೆಯದು, ಮತ್ತು ಅಪಾಯದ್ದು. ಹೆಸರು ಸಿಕ್ಕಿತು. ಆದರೆ ಅದು ನಮ್ಮವರೇ? ಹೆಸರು ಚಿಕ್ಕದಾದಷ್ಟೂ ಅದನ್ನು ಇಟ್ಟುಕೊಂಡವರು ಜಾಸ್ತಿ. ಕೆರೆಯ ಬರಹ ಸಿಕ್ಕ ಖುಷಿಯಲ್ಲಿ ಅದೇ ಪತ್ರಿಕೆಯ ಇನ್ನೂ ಐದು ಬರಹಗಳನ್ನು ಸಣ್ಣಾಯಿಯ ಹೆಸರಿಗೆ ಬರೆದುಕೊಂಡೆ. ಒಂದರಲ್ಲಿ ಲೇಖಕಿ ಸಮುದ್ರದ ದಂಡೆಯ ತನ್ನ ಮನೆಯ ಬಗ್ಗೆ ಹೇಳುತ್ತಾರೆ. ನಮ್ಮ ಸಣ್ಣಾಯಿ ಸಮುದ್ರ ನೋಡಿದ್ದು ಮೊಮ್ಮಕ್ಕಳ ಜೊತೆ ಮೊನ್ನೆ ಮೊನ್ನೆ. ಒಂದನ್ನು ಹೊಡೆದೆ. ಉಳಿದ ನಾಲ್ಕನ್ನು ಮತ್ತೆ ಓದಿದೆ.

ಪರೀಕ್ಷೆಗೆ ನಾನು ಇಟ್ಟುಕೊಂಡದ್ದು ಎರಡು ಗುರುತು. ಒಂದು, ಬರಹದೊಳಗೆ ನಮ್ಮ ಕಡೆಯ ಮಾತು ಇದೆಯೇ. ಸಂಪಾದಕರು ತಿದ್ದಿದರೂ ಒಂದೆರಡು ಪದ ಉಳಿದಿರುತ್ತವೆ. ಎರಡು, ದುಡ್ಡಿನ ದಾಖಲೆ. ಮನಿಯಾರ್ಡರಿನ ಮುದ್ರೆಯ ತಾರೀಖು ಬರಹ ಬಂದ ಮೇಲಿನ ತಿಂಗಳಿಗೆ ಹೊಂದಬೇಕು. ಕೆರೆಯ ಬರಹಕ್ಕೆ ಎರಡೂ ಹೊಂದಿದವು.

ಪತ್ರಿಕೆ ನಿಂತುಹೋಗಿ, ಯಾರನ್ನು ಕೇಳಬೇಕೆಂದೇ ಗೊತ್ತಾಗದಿದ್ದರೆ ಮಾರ್ಚ್ ತಿಂಗಳ ಮೊದಲ ಸಂಚಿಕೆ ತೆರೆಯಿರಿ. 1956ರ ನಿಯಮದ ಪ್ರಕಾರ ಫೆಬ್ರವರಿ ಮುಗಿದ ಮೇಲೆ ಬರುವ ಮೊದಲ ಸಂಚಿಕೆಯಲ್ಲಿ ಪತ್ರಿಕೆಗಳು ‘ನಮೂನೆ 4’ ಎಂಬ ಹೇಳಿಕೆ ಹಾಕಬೇಕಿತ್ತು. ಮುದ್ರಕರು, ಪ್ರಕಾಶಕರು, ಸಂಪಾದಕರು, ಮಾಲೀಕರು, ಎಲ್ಲರ ಹೆಸರು ವಿಳಾಸ ಅದರಲ್ಲಿರುತ್ತದೆ. ಯಾರೂ ಓದದ ಮೂಲೆ ಅದು. ಆದರೆ ಸಂಪಾದಕರ ಮನೆಯವರು ಸಿಕ್ಕರೆ ಸಂಭಾವನೆಯ ಲೆಕ್ಕದ ಪುಸ್ತಕವೂ ಸಿಗಬಹುದು. ಅದರಲ್ಲಿ ಕಾವ್ಯನಾಮದ ಪಕ್ಕ ನಿಜ ಹೆಸರು ಇರುತ್ತದೆ, ದುಡ್ಡು ಕಳಿಸಬೇಕಲ್ಲ!

ಸಿಕ್ಕ ಪುಟದ ಫೋಟೋ ತೆಗೆಯುವಾಗ ಬರೀ ಬರಹ ತೆಗೆಯಬೇಡಿ. ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆ ಇರುವ ತಲೆಯನ್ನೂ ಸೇರಿಸಿ ಇನ್ನೊಂದು ತೆಗೆಯಿರಿ. ಕಡತದ ಹೆಸರಿನಲ್ಲಿ ತಾರೀಖು ಹಾಕಿ. ಯಂತ್ರ ಓದಿದ ತಪ್ಪು ರೂಪವನ್ನೂ ಬರೆದಿಡಿ, ಅದೇ ತಪ್ಪು ಅದೇ ಸಂಗ್ರಹದಲ್ಲಿ ಮತ್ತೆ ಸಿಗುತ್ತದೆ. ಹಾಗೆ ‘ರವಾು’ ತರಹದ ಆ ರೂಪವನ್ನೇ ಹಾಕಿ ಹುಡುಕಿದಾಗ ನನಗೆ ಇನ್ನೊಂದು ಬರಹ ಸಿಕ್ಕಿತು, ಜೋಳದ ಸುಗ್ಗಿಯ ಮೇಲೆ.

ಈಗ ವಹಿಯಲ್ಲಿ ಖಾತ್ರಿಯಾದವು ಎರಡು, ಹೊಡೆದದ್ದು ಒಂದು, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಇರುವವು ನಾಲ್ಕು. ಆ ನಾಲ್ಕರಲ್ಲಿ ಒಂದು ಪದ್ಯ, ವಿಧವೆಯೊಬ್ಬಳ ಬಗ್ಗೆ. ಅದನ್ನು ಓದಿ ಹೇಳಿದಾಗ ಸಣ್ಣಾಯಿ ಕಣ್ಣು ಮುಚ್ಚಿ ಕೇಳಿದರು. ನಿಮ್ಮದೇನಾ ಎಂದೆ. “ಇರಲಿ ಬಿಡಪ್ಪ, ಚಹಾ ಆರ್ತದ” ಅಂದರು. ಪ್ರಶ್ನೆ ಚಿಹ್ನೆ ಹಾಗೇ ಇದೆ.